ಮನೆಯ ಹಳೆಯ ರೈಫಲ್: ಮಾರುವುದೇ, ಮಾರ್ಪಡಿಸುವುದೇ, ಇಟ್ಟುಕೊಳ್ಳುವುದೇ? (ಪದೇ ಪದೇ ಕೇಳುವ ಪ್ರಶ್ನೆಗಳು)

ದಾವಣಗೆರೆ ಮತ್ತು ಚಿತ್ರದುರ್ಗ ಸೀಮೆಯ ಹಳೆಯ ಒಕ್ಕಲು ಮನೆಗಳಲ್ಲಿ ಅಟ್ಟದ ಮೇಲೋ ಕಬ್ಬಿಣದ ಬೀರುವಿನಲ್ಲೋ ಒಂದು ರೈಫಲ್ ಇರುವುದು ಅಪರೂಪವಲ್ಲ. ನನಗೂ ತಂದೆಯಿಂದ ಒಂದು .315 ರೈಫಲ್ ಬಂದಿದೆ (ಈ ಅಂಕಿ ನಳಿಗೆಯ ಒಳ ಅಳತೆ, ಇಂಚಿನಲ್ಲಿ). ಅದರ ಕಾಗದಪತ್ರಕ್ಕಾಗಿ ಕಚೇರಿಗಳನ್ನು ಸುತ್ತಿದ್ದು ಬಂಧುಬಳಗಕ್ಕೆ ಗೊತ್ತಾದ ಮೇಲೆ ಫೋನಿನಲ್ಲಿ, ಪತ್ರದಲ್ಲಿ, ಮದುವೆ ಮನೆಯ ಪಂಕ್ತಿಯಲ್ಲಿಯೂ ಜನ ಕೇಳತೊಡಗಿದರು. ಆ ಪ್ರಶ್ನೆಗಳನ್ನು ಕೇಳಿದವರ ಮಾತಿನಲ್ಲಿಯೇ ಇಲ್ಲಿ ಜೋಡಿಸಿದ್ದೇನೆ.

## ಕೈಯಲ್ಲಿರುವುದು ಏನು, ಯಾರದು

ಅಜ್ಜನ ಕಾಲದ ಬಂದೂಕು ಐತೆ. ಅದು ರೈಫಲ್ಲೋ ಬರೀ ಕೋವಿಯೋ ಹೆಂಗೆ ಗೊತ್ತಾಗುತ್ತೆ?

ಮೊದಲು ಅದು ಖಾಲಿ ಇದೆಯೇ ಎಂದು ನೋಡಬೇಕು. ಬೋಲ್ಟನ್ನು (ನಳಿಗೆಯ ಹಿಂಬದಿಯನ್ನು ಮುಚ್ಚುವ, ಹಿಡಿಯಿರುವ ಉಕ್ಕಿನ ದಂಡ) ಹಿಂದಕ್ಕೆಳೆದು, ತೋಟಾ ತುಂಬುವ ಮ್ಯಾಗಜೀನ್ ಬಿಚ್ಚಿ, ತೋಟಾ ಕೂರುವ ಜಾಗವನ್ನು ಕಣ್ಣಿನಿಂದ ನೋಡಿದರೆ ಸಾಲದು, ಬೆರಳನ್ನೂ ಇಟ್ಟು ನೋಡಬೇಕು. ಅನಂತರ ಬೋಲ್ಟನ್ನು ಪೂರ್ತಿ ತೆಗೆದು ಹಿಂಬದಿಯಿಂದ ನಳಿಗೆಯೊಳಗೆ ಬೆಳಕಿನ ಕಡೆಗೆ ನೋಡಿದಾಗ ಸುರುಳಿಯಾಗಿ ಸಾಗುವ ಗೀರುಗಳು ಕಂಡರೆ ಅದು ರೈಫಲ್, ಕನ್ನಡಿಯಂತೆ ನುಣುಪಾಗಿದ್ದರೆ ಕೋವಿ. ಈ ವ್ಯತ್ಯಾಸಕ್ಕೆ ಕಾನೂನಿನಲ್ಲಿಯೂ ಬೆಲೆಯಿದೆ. 1959ರ ಆಯುಧ ಕಾಯ್ದೆಯು ರಕ್ಷಣೆಗೆ ಅಥವಾ ಕ್ರೀಡೆಗೆ ಬಳಸುವ, 20 ಇಂಚಿಗಿಂತ ಕಡಿಮೆಯಿಲ್ಲದ ನುಣುಪು ನಳಿಗೆಯ ಕೋವಿಯನ್ನೂ ನಿಜವಾದ ಬೆಳೆ ರಕ್ಷಣೆಗೆ ಬೇಕಾದ, ನಳಿಗೆಯ ಬಾಯಿಯಿಂದ ಮದ್ದು ತುಂಬುವ ಬಂದೂಕನ್ನೂ ಒಂದು ಬಗೆಯಾಗಿ ಕಾಣುತ್ತದೆ. ರೈಫಲ್ಲಿಗೆ ಹಾಗಲ್ಲ, ಅರ್ಜಿದಾರನಿಗೆ ತಕ್ಕ ಕಾರಣವಿದೆಯೆಂದು ಪರವಾನಗಿ ಪ್ರಾಧಿಕಾರಕ್ಕೆ ಮನವರಿಕೆಯಾಗಬೇಕು.

ನಳಿಗೆ ಮೇಲೆ .315 ಅಂತ ಐತೆ, ನೋಡಿದೋರೆಲ್ಲ ತ್ರೀ ನಾಟ್ ತ್ರೀ ಅಂತಾರೆ. ಯಾವುದು ನಿಜ?

ನಳಿಗೆಯ ಮೇಲೆ ಕೆತ್ತಿರುವುದು ನಿಜ. ಈಶಾಪುರದ ರೈಫಲ್ ಕಾರ್ಖಾನೆಯ .315 ಬೇಟೆ ರೈಫಲ್ಲಿನ ಬೋಲ್ಟ್ ಮತ್ತು ಒಡಲು ಹಳೆಯ ಲೀ-ಎನ್‌ಫೀಲ್ಡ್ ಸೇನಾ ರೈಫಲ್ಲಿನ ಮಾದರಿಯವಾದ್ದರಿಂದ ದೂರದಿಂದ ನೋಡಿದವರಿಗೆ ಪೊಲೀಸರ ಹೆಗಲ ಮೇಲಿರುತ್ತಿದ್ದ .303 ನೆನಪಾಗುವುದು ಸಹಜ. .315 ಎಂದರೆ ಸುಮಾರು 8 ಮಿ.ಮೀ.; ಆ ತೋಟಾ ಆಸ್ಟ್ರಿಯಾದ ಮಾನ್ಲಿಕರ್ ಸೇನಾ ತೋಟಾದ ಸಂತತಿ. ಸೇನೆಯ ತೋಟಾ ಪ್ರಜೆಗಳ ಬಂದೂಕಿಗೆ ಹೊಂದಬಾರದೆಂದು ಬ್ರಿಟಿಷ್ ಸರ್ಕಾರ .303ನ್ನು ಸಾಮಾನ್ಯರಿಗೆ ನಿರ್ಬಂಧಿಸಿದ್ದರಿಂದಲೇ .315ರಂತಹ ಅಳತೆಗಳು ಈ ದೇಶದಲ್ಲಿ ಬೇರುಬಿಟ್ಟವು. ಆ ನಿರ್ಬಂಧದ ಮನೋಭಾವ ಇಂದಿನ ನಿಯಮಗಳಲ್ಲಿಯೂ ಉಳಿದಿದೆ: .303 ಅಥವಾ 7.62 ಮಿ.ಮೀ. ಸೇನಾ ತೋಟಾವನ್ನು ಹಾಕಿ ಹೊಡೆಯಬಹುದಾದ ಯಾವ ರೈಫಲ್ಲೂ ನಿಷೇಧಿತ ವರ್ಗಕ್ಕೆ ಸೇರುತ್ತದೆ. ಆದ್ದರಿಂದ ಪರವಾನಗಿ ಪುಸ್ತಕದಲ್ಲಿ ಬರೆದ ಅಳತೆಯೂ ಸಂಖ್ಯೆಯೂ ನಳಿಗೆಯ ಮೇಲಿರುವುದರೊಂದಿಗೆ ಅಕ್ಷರಶಃ ಹೊಂದುತ್ತವೆಯೇ ಎಂದು ಇವತ್ತೇ ನೋಡಿಟ್ಟುಕೊಳ್ಳಿ. ನಮ್ಮ ಪುಸ್ತಕದಲ್ಲಿ ಒಬ್ಬ ಗುಮಾಸ್ತರು 7ನ್ನು 1 ಎಂದು ಬರೆದಿದ್ದರು, ಅದನ್ನು ತಿದ್ದಿಸಲು ಹಿಡಿದ ಕಾಲದಲ್ಲಿ ಎರಡು ಮೆಕ್ಕೆಜೋಳದ ಬೆಳೆ ಬಂದುಹೋದವು.

ಅಪ್ಪ ಹೋಗಿ ಎರಡು ವರ್ಷ ಆತು. ರೈಫಲ್ ಇನ್ನೂ ಮನೆಯಾಗೇ ಐತೆ. ಮಾರೋದಾ ಇಟ್ಕೊಳ್ಳೋದಾ?

ಆ ಪ್ರಶ್ನೆಯನ್ನು ಸದ್ಯಕ್ಕೆ ಬದಿಗಿಡಿ. ಪರವಾನಗಿ ವ್ಯಕ್ತಿಯ ಹೆಸರಿನಲ್ಲಿರುತ್ತದೆ, ಮನೆಯ ಹೆಸರಿನಲ್ಲಲ್ಲ. ಪರವಾನಗಿದಾರ ತೀರಿಕೊಂಡ ಮೇಲೆ, ಅಥವಾ ಪರವಾನಗಿಯ ಅವಧಿ ಮುಗಿದ ಮೇಲೆ, ಆಯುಧವನ್ನು ಅನಗತ್ಯ ವಿಳಂಬವಿಲ್ಲದೆ ಹತ್ತಿರದ ಠಾಣೆಯಲ್ಲೋ ಪರವಾನಗಿ ಹೊಂದಿದ ಬಂದೂಕು ವ್ಯಾಪಾರಿಯಲ್ಲೋ ಠೇವಣಿ ಇಡಬೇಕೆಂದು ಕಾಯ್ದೆಯ 21ನೇ ಕಲಂ ಹೇಳುತ್ತದೆ. ಪರವಾನಗಿಯಿಲ್ಲದೆ ಬಂದೂಕು ಇಟ್ಟುಕೊಂಡರೆ 2019ರ ತಿದ್ದುಪಡಿಯ ನಂತರ ಶಿಕ್ಷೆ ಕನಿಷ್ಠ 2 ವರ್ಷ, ಗರಿಷ್ಠ 5 ವರ್ಷ. ‘ಮನೆಯೊಳಗೇ ಇದೆ, ಯಾರಿಗೆ ತೊಂದರೆ’ ಎಂಬ ಮಾತು ಅಲ್ಲಿ ನಡೆಯುವುದಿಲ್ಲ.

ಒಬ್ಬ ವಕೀಲರನ್ನು ಕೇಳಿ, ಮರಣ ಪ್ರಮಾಣಪತ್ರ ಮತ್ತು ಹಳೆಯ ಪರವಾನಗಿಯೊಂದಿಗೆ ತಡಕ್ಕೆ ಕಾರಣ ವಿವರಿಸಿದ ಪತ್ರ ಬರೆದು ಠೇವಣಿ ಮಾಡಿ. ರಸೀದಿಯಲ್ಲಿ ತಯಾರಕರ ಹೆಸರು, ಅಳತೆ, ಸಂಖ್ಯೆ, ತೋಟಾಗಳ ಎಣಿಕೆ ಇರಲೇಬೇಕು. ಠೇವಣಿ ಎಂದರೆ ಕಳೆದುಕೊಂಡಂತಲ್ಲ: ಗೊತ್ತುಪಡಿಸಿದ ಅವಧಿಯೊಳಗೆ ವಾರಸುದಾರನು ಪರವಾನಗಿ ಪಡೆದು ಅದನ್ನು ಮರಳಿ ಪಡೆಯಬಹುದು, ಇಲ್ಲವೇ ಅರ್ಹರಿಗೆ ಮಾರಬಹುದು. ಯೋಚಿಸಲು ಇರುವ ಕಾಲ ಅದು.

ಲೈಸೆನ್ಸ್ ಕೊಟ್ಟಿದ್ದು ಚಿತ್ರದುರ್ಗದೋರು. ನಾವಿರೋದು ದಾವಣಗೆರೆ ಜಿಲ್ಲೆ. ಎಲ್ಲಿಗೆ ಹೋಗ್ಬೇಕು?

ನೀವು ಈಗ ವಾಸಿಸುವ ಜಿಲ್ಲೆಯ ಜಿಲ್ಲಾಧಿಕಾರಿ ಕಚೇರಿಯ ದಂಡಾಧಿಕಾರಿ ಶಾಖೆಗೆ. ದಾವಣಗೆರೆ ಜಿಲ್ಲೆ ಹುಟ್ಟಿದ್ದೇ 1997ರಲ್ಲಿ. ಅದಕ್ಕೂ ಹಿಂದಿನ ಪರವಾನಗಿಯಾದರೆ ದಾವಣಗೆರೆ, ಹರಿಹರ, ಜಗಳೂರಿನವರದು ಚಿತ್ರದುರ್ಗದಿಂದ, ಹೊನ್ನಾಳಿ ಮತ್ತು ಚನ್ನಗಿರಿಯವರದು ಶಿವಮೊಗ್ಗದಿಂದ ಬಂದಿರುತ್ತದೆ. ಹರಪನಹಳ್ಳಿಯವರ ಕಥೆ ಇನ್ನೂ ಉದ್ದ: ಬಳ್ಳಾರಿಯಿಂದ ದಾವಣಗೆರೆಗೆ ಬಂದು, ಮತ್ತೆ ಬಳ್ಳಾರಿಗೆ ಮರಳಿ, ಈಗ ವಿಜಯನಗರ ಜಿಲ್ಲೆಯಲ್ಲಿದ್ದಾರೆ. ಮೂಲ ಕಡತ ಬೇರೆ ಜಿಲ್ಲೆಯ ದಾಖಲೆ ಕೊಠಡಿಯಲ್ಲಿ ಇರಬಹುದಾದ್ದರಿಂದ ಹಳೆಯ ಪುಸ್ತಕದ ಪ್ರತಿ ಪುಟದ, ಅದರಲ್ಲೂ ನವೀಕರಣದ ಮೊಹರುಗಳಿರುವ ಪುಟಗಳ, ನಕಲು ಮಾಡಿಸಿಕೊಂಡು ಹೋಗಿ. ರಾಷ್ಟ್ರೀಯ ದತ್ತಾಂಶದಲ್ಲಿ ಆ ಪರವಾನಗಿಗೆ ವಿಶಿಷ್ಟ ಗುರುತಿನ ಸಂಖ್ಯೆ ಬಿದ್ದಿದೆಯೇ ಎಂದು ಅಲ್ಲಿಯೇ ವಿಚಾರಿಸಿ. ಬಿದ್ದಿಲ್ಲದಿದ್ದರೆ ಮಾರಾಟವೂ ವರ್ಗಾವಣೆಯೂ ಅಲ್ಲಿಗೇ ನಿಲ್ಲುತ್ತವೆ.

ತಂದೆಯವರಿಗೆ ಎಂಬತ್ತು. ಅವರಿರುವಾಗಲೇ ನನ್ನ ಹೆಸರಿಗೆ ಮಾಡಿಸಬಹುದೇ?

ಮಾಡಿಸಬಹುದು, ಮಾಡಿಸಿದರೆ ಒಳ್ಳೆಯದು. 2016ರ ಆಯುಧ ನಿಯಮಗಳ 25ನೇ ನಿಯಮದ ಪ್ರಕಾರ ಪರವಾನಗಿದಾರನಿಗೆ 70 ವರ್ಷ ತುಂಬಿದರೆ, ಅಥವಾ ಆಯುಧ ಅವನ ಬಳಿ 25 ವರ್ಷ ಇದ್ದರೆ, ಇವೆರಡರಲ್ಲಿ ಯಾವುದು ಮೊದಲೋ ಆಗ ತಾನು ಸೂಚಿಸಿದ ಕಾನೂನುಬದ್ಧ ವಾರಸುದಾರನಿಗೆ ಪರವಾನಗಿ ಕೊಡುವಂತೆ ಕೇಳಬಹುದು. ವಾರಸುದಾರರಲ್ಲಿ ಮಗ ಮಾತ್ರವಲ್ಲದೆ ಹೆಂಡತಿ, ಮಗಳು, ಸೊಸೆ, ಅಳಿಯ, ಮೊಮ್ಮಕ್ಕಳು, ಒಡಹುಟ್ಟಿದವರೂ ಇದ್ದಾರೆ. ಅರ್ಜಿದಾರನಿಗೆ 21 ವರ್ಷ ತುಂಬಿರಬೇಕು. ಉಳಿದ ವಾರಸುದಾರರ ಒಪ್ಪಿಗೆ ಪತ್ರವನ್ನು ಮೊದಲೇ ಮಾಡಿಸಿಕೊಳ್ಳಿ. ಆಸ್ತಿ ಪಾಲಿನ ಮನಸ್ತಾಪ ಇರುವ ಮನೆಗಳಲ್ಲಿ ಇಡೀ ಅರ್ಜಿ ಒಂದು ಸಹಿಗಾಗಿ ನಿಂತುಹೋಗಿದ್ದನ್ನು ನಾನು ನೋಡಿದ್ದೇನೆ.

ನನ್ನ ಹತ್ತಿರ ಆಗಲೇ ಎರಡು ಇವೆ. ಇದು ಮನೆತನದ್ದು, ವಿನಾಯಿತಿ ಸಿಗಲ್ವಾ?

ಸಿಗುವುದಿಲ್ಲ. ಒಬ್ಬ ವ್ಯಕ್ತಿ ಹೊಂದಬಹುದಾದ ಬಂದೂಕುಗಳ ಮಿತಿಯನ್ನು 2019ರ ತಿದ್ದುಪಡಿ 3ರಿಂದ 2ಕ್ಕೆ ಇಳಿಸಿತು, ಪಿತ್ರಾರ್ಜಿತವಾಗಿ ಬಂದದ್ದಕ್ಕೂ ಆ ಮಿತಿಯೇ ಎಂದು ಸ್ಪಷ್ಟವಾಗಿ ಬರೆಯಿತು. ನಿಮ್ಮಲ್ಲಿರುವ ಎರಡರಲ್ಲಿ ಒಂದನ್ನು ಬಿಡಬೇಕು, ಇಲ್ಲವೇ ಮನೆಯ ಬೇರೊಬ್ಬ ಅರ್ಹರು ಅರ್ಜಿ ಹಾಕಬೇಕು.

ಕೊಡಗಿನೋರಿಗೆ ಲೈಸೆನ್ಸೇ ಬೇಡವಂತಲ್ಲ?

ಆ ವಿನಾಯಿತಿ ಕೊಡವರಿಗೆ ಮತ್ತು ಕೊಡಗಿನ ಜಮ್ಮಾ (ವಂಶಪಾರಂಪರ್ಯವಾಗಿ ಬಂದ ಭೂಮಿ) ಹಿಡುವಳಿದಾರರಿಗೆ ಸೀಮಿತ. ಕೋಟೆಯ ನಾಡಿನವರಾದ ನಮಗೆ ಅದು ಅನ್ವಯಿಸದು.

## ಸ್ಥಿತಿ ನೋಡುವುದು

ಇಪ್ಪತ್ತು ವರ್ಷದಿಂದ ಹೊಡೆದಿಲ್ಲ. ಒಂದು ಈಡು ಹೊಡೆದು ನೋಡಿದರೆ ಗೊತ್ತಾಗಲ್ವಾ?

ಗೊತ್ತಾಗುತ್ತದೆ, ಆದರೆ ಗೊತ್ತಾಗುವ ಹೊತ್ತಿಗೆ ನಿಮ್ಮ ಮುಖ ಬೋಲ್ಟಿನ ಹಿಂದೆ ಒಂದು ಗೇಣು ದೂರದಲ್ಲಿರುತ್ತದೆ. ಹೊಡೆಯದೆಯೇ ತಿಳಿಯಬಹುದಾದದ್ದು ಬಹಳಷ್ಟಿದೆ. ದುರಸ್ತಿ ಪರವಾನಗಿ ಹೊಂದಿದ ಬಂದೂಕು ಕೆಲಸಗಾರರ ಬಳಿಗೆ ಒಯ್ದರೆ ಅವರು ಮೊದಲು ನೋಡುವುದು ನಳಿಗೆಯ ಒಳಭಾಗ. ಹಳೆಯ ತೋಟಾಗಳ ಸಿಡಿಮದ್ದಿನ ಟೊಪ್ಪಿಗೆಯಲ್ಲಿ ಪೊಟ್ಯಾಸಿಯಂ ಕ್ಲೋರೇಟ್ ಇರುತ್ತಿತ್ತು. ಅದು ಸುಟ್ಟ ಮೇಲೆ ಉಳಿಯುವುದು ಒಂದು ಬಗೆಯ ಉಪ್ಪು. ಉಪ್ಪಿನಕಾಯಿ ಜಾಡಿಯ ಕಬ್ಬಿಣದ ಮುಚ್ಚಳಕ್ಕೆ ಏನಾಗುತ್ತದೋ ನಳಿಗೆಯ ಒಳಗೂ ಅದೇ ಆಗುತ್ತದೆ: ಗಾಳಿಯ ತೇವವನ್ನು ಹೀರಿ ಹೀರಿ ಉಕ್ಕನ್ನು ತಿನ್ನುತ್ತದೆ. ಎಣ್ಣೆಯಿಂದ ಆ ಉಪ್ಪು ಕರಗುವುದಿಲ್ಲ, ನೀರಿನಿಂದ ಕರಗುತ್ತದೆ. ಹಿಂದಿನವರು ಬಿಸಿನೀರು ಹಾಯಿಸಿ, ಒಣಗಿಸಿ, ಆಮೇಲೆ ಎಣ್ಣೆ ಸವರುತ್ತಿದ್ದುದಕ್ಕೆ ಕಾರಣ ಇದೇ. ಬರಿಯ ಎಣ್ಣೆ ಸವರಿಟ್ಟ ರೈಫಲ್ಲುಗಳಲ್ಲಿ ಗೀರುಗಳ ಅಂಚು ಮೆತ್ತಗಾಗಿ, ಅಲ್ಲಲ್ಲಿ ಸಿಡುಬಿನ ಕಲೆಯಂತಹ ಗುಳಿಗಳು ಬಿದ್ದಿರುತ್ತವೆ.

ಎರಡನೆಯದು ಬೋಲ್ಟಿನ ಮುಖಕ್ಕೂ ತೋಟಾದ ಹಿಂಬದಿಗೂ ಇರುವ ಸಂದು. ತಯಾರಿಕೆಯ ಅಳತೆಗಿಂತ ಅದು ಹೆಚ್ಚಾಗಿದ್ದರೆ ಹೊಡೆದಾಗ ಹಿತ್ತಾಳೆ ಕೋಶ ಹಿಂದಕ್ಕೆ ಹಿಗ್ಗಿ ಹರಿಯಬಹುದು. ಅಪ್ಪ ಹೊಡೆದಿಟ್ಟ ಖಾಲಿ ಕೋಶಗಳು ಮನೆಯಲ್ಲಿದ್ದರೆ ಅವುಗಳ ಬುಡದಿಂದ ಕಿರುಬೆರಳಿನ ಅಗಲದಷ್ಟು ಮೇಲೆ ಹೊಳೆಯುವ ಉಂಗುರದಂತಹ ಗೆರೆ ಇದೆಯೇ ನೋಡಿ. ಇದ್ದರೆ ಆ ರೈಫಲ್ ಅಳತೆ ಗೇಜು ಹಾಕಿ ಪರೀಕ್ಷಿಸುವವರೆಗೆ ಹೊಡೆಯತಕ್ಕದ್ದಲ್ಲ. ಮೂರನೆಯದು ಮರ. ಬೋಲ್ಟಿನ ಹಿಂದೆ, ಅಂಗೈ ಹಿಡಿಯುವ ತೆಳುವಾದ ಭಾಗದಲ್ಲಿ, ಕೂದಲೆಳೆಯ ಬಿರುಕು ಹೆಚ್ಚಾಗಿ ಕಾಣುವುದು ಅಲ್ಲಿಯೇ.

ಬ್ರಿಟಿಷ್ ತಯಾರಿಕೆಯಾದರೆ ನಳಿಗೆಯ ಬುಡದ ಮೇಲಿನ ಪರೀಕ್ಷಾ ಮುದ್ರೆಗಳನ್ನೂ ಓದಿಸಿ. ಕಪ್ಪು ಮದ್ದಿಗೆ ಮಾತ್ರ ಪರೀಕ್ಷೆಯಾದ ನಳಿಗೆಗೆ ಹೊಗೆರಹಿತ ಮದ್ದಿನ ತೋಟಾ ಹಾಕುವುದು ಬಾಂಬನ್ನು ಹೆಗಲಿಗಿಟ್ಟುಕೊಂಡಂತೆ.

ಬಂದೂಕಿನ ಜೊತೆಗೆ ಹಸಿರು ಹಿಡಿದ ತೋಟಾ ಡಬ್ಬಿಯೂ ಸಿಕ್ಕಿದೆ. ಬಳಸಬಹುದಾ?

ಬಳಸಬೇಡಿ, ಬೆಂಕಿಗೆ ಹಾಕಬೇಡಿ, ಹಾಳು ಬಾವಿಗೂ ಎಸೆಯಬೇಡಿ. ಪರವಾನಗಿಯಿಲ್ಲದೆ ತೋಟಾ ಇಟ್ಟುಕೊಳ್ಳುವುದೂ ಅಪರಾಧವೇ. ರೈಫಲ್ಲಿನೊಂದಿಗೆ ಎಣಿಸಿ ಠೇವಣಿ ಮಾಡಿ.

## ಮಾರುವುದು

ಎಷ್ಟಕ್ಕೆ ಹೋಗಬಹುದು?

ಕೇಳುವವರಿಗೆಲ್ಲ ಮೊದಲು ನಿರಾಸೆಯನ್ನೇ ಹೇಳುತ್ತೇನೆ. ಹಳೆಯ ಬಂದೂಕಿನ ಸಂತೆ ಹೊಲದ ಸಂತೆಯಂತಲ್ಲ. ಕೊಳ್ಳುವವನ ಬಳಿ ಹಣವಿದ್ದರೆ ಸಾಲದು, ಅದೇ ಬಗೆಯ ಆಯುಧಕ್ಕೆ ಖರೀದಿ ಅವಧಿ ಮುಗಿಯದ ಪರವಾನಗಿ ಇರಬೇಕು. ಹೊಸ ಪರವಾನಗಿ ಪಡೆಯುವ ಹೆಚ್ಚಿನವರು ಸ್ವರಕ್ಷಣೆಗೆಂದು ರಿವಾಲ್ವರ್ ಅಥವಾ ಪಿಸ್ತೂಲಿಗೆ ಹೋಗುತ್ತಾರೆ. ಬೇಟೆ ನಿಂತು ದಶಕಗಳಾದ ಮೇಲೆ ಉದ್ದ ನಳಿಗೆಯ ರೈಫಲ್ ಬೇಕೆನ್ನುವವರು ಕಡಿಮೆ. ಈಶಾಪುರದ .315 ಇನ್ನೂ ಹೊಸದೇ ಸಿಗುವಾಗ ನಿಮ್ಮ ಹಳೆಯದು ಅದರ ಬೆಲೆಯನ್ನು ದಾಟುವುದು ಕಷ್ಟ.

ವಿದೇಶಿ ತಯಾರಿಕೆಯ ಲೆಕ್ಕ ಬೇರೆ. 1980ರ ದಶಕದಿಂದ ಸಾಮಾನ್ಯ ಪರವಾನಗಿದಾರರಿಗೆ ಬಂದೂಕು ಆಮದು ನಿಂತಿರುವುದರಿಂದ ದೇಶದೊಳಗೆ ಉಳಿದಿರುವ ಇಂಗ್ಲಿಷ್, ಜರ್ಮನ್ ರೈಫಲ್ಲುಗಳಿಗೆ ವಿದೇಶದಲ್ಲಿಲ್ಲದ ಬೆಲೆ ಇಲ್ಲಿ ಇರುತ್ತದೆ. ಅಲ್ಲಿಯೂ ಬೆಲೆ ಕಟ್ಟುವವರು ನೋಡುವುದು ಸಂಖ್ಯೆಗಳು ಹೊಂದುತ್ತವೆಯೇ, ಉಕ್ಕಿಗೆ ಕಾರ್ಖಾನೆಯಲ್ಲಿ ಕೊಟ್ಟ ಮೂಲ ನೀಲಿ ಬಣ್ಣ ಉಳಿದಿದೆಯೇ, ಮರವನ್ನು ಯಾರಾದರೂ ಕೆರೆದಿದ್ದಾರೆಯೇ, ಮತ್ತು ಮುಖ್ಯವಾಗಿ ತೋಟಾ ಸಿಗುತ್ತದೆಯೇ ಎಂಬುದನ್ನು. ಬೆಂಗಳೂರಿನ ಇಬ್ಬರು ಮೂವರು ಪರವಾನಗಿ ವ್ಯಾಪಾರಿಗಳಿಂದ ಬರವಣಿಗೆಯಲ್ಲಿ ಅಂದಾಜು ಪಡೆಯಿರಿ. ಅವರ ಮಾತುಗಳ ನಡುವೆ ಅರ್ಧಕ್ಕರ್ಧ ಅಂತರ ಬಂದರೂ ಗಾಬರಿಯಾಗಬೇಡಿ.

ಗೊತ್ತಿರೋ ಸ್ನೇಹಿತನಿಗೇ ಕೊಡೋದು. ನೇರವಾಗಿ ಕೊಟ್ಟರೆ ಏನು?

ಸ್ವಂತ ಬಳಕೆಗಾಗಿ ಕಾನೂನುಬದ್ಧವಾಗಿ ಇಟ್ಟುಕೊಂಡ ಆಯುಧವನ್ನು ವ್ಯಾಪಾರದ ಪರವಾನಗಿಯಿಲ್ಲದೆಯೂ ಅರ್ಹನಾದ ಇನ್ನೊಬ್ಬನಿಗೆ ಮಾರಲು 5ನೇ ಕಲಂ ಅವಕಾಶ ಕೊಡುತ್ತದೆ. ಆದರೆ ಮಾರುವ ಉದ್ದೇಶವನ್ನೂ ಕೊಳ್ಳುವವನ ಹೆಸರು, ವಿಳಾಸವನ್ನೂ ಜಿಲ್ಲಾ ದಂಡಾಧಿಕಾರಿಗೆ ಅಥವಾ ಹತ್ತಿರದ ಠಾಣಾಧಿಕಾರಿಗೆ ಬರೆದು ತಿಳಿಸಿ, ಆ ದಿನದಿಂದ 45 ದಿನ ಕಳೆದಿರಬೇಕು. ನಾನು ಹೇಳುವುದು ಇಷ್ಟು: ಎರಡೂ ಕಡೆಗೆ ಬರೆಯಿರಿ, ಸ್ವೀಕೃತಿ ಮೊಹರು ಹಾಕಿಸಿಕೊಳ್ಳಿ, ಎರಡೂ ಪರವಾನಗಿಗಳಲ್ಲಿ ನಮೂದು ಬೀಳುವ ದಿನವೇ ರೈಫಲ್ ಕೈಬದಲಾಗಲಿ. ‘ನೀನು ತಗೊಂಡು ಹೋಗು, ಕಾಗದ ಆಮೇಲೆ ಮಾಡಿಸೋಣ’ ಎಂಬ ಸ್ನೇಹ ಎರಡೂ ಮನೆಗಳನ್ನು ಕೋರ್ಟಿಗೆ ಎಳೆಯುತ್ತದೆ. ಮುಂಗಡ ಹಣವನ್ನೂ ಆ 45 ದಿನಗಳ ಕೊನೆಯಲ್ಲೇ ಪಡೆಯುವುದು ಲೇಸು.

ನಮ್ಮದು ಇಂಗ್ಲಿಷ್ ಕಂಪನಿಯ ರೈಫಲ್, .318 ಅಂತ ಇದೆ. ತೋಟಾ ಎಲ್ಲೂ ಸಿಗ್ತಿಲ್ಲ. ಇಟ್ಟುಕೊಂಡು ಏನು ಪ್ರಯೋಜನ?

.318 ವೆಸ್ಟ್ಲಿ ರಿಚರ್ಡ್ಸ್ ಕಂಪನಿ ತನಗಾಗಿಯೇ ರೂಪಿಸಿದ ತೋಟಾ. ಅದನ್ನೂ .423ನಂತಹ ಅಳತೆಗಳನ್ನೂ ನಮ್ಮ ನಾಡಿನಲ್ಲಿ ದೊಡ್ಡ ಬೇಟೆಯವರು ಕೊಂಡಿದ್ದರು. ಇಂದು ಅಂತಹ ರೈಫಲ್ ಹೊಡೆಯುವ ಸಾಧನಕ್ಕಿಂತ ಕರಕುಶಲದ ವಸ್ತು. ಮನೆಯಲ್ಲಿ ಅದನ್ನು ಕಾಪಾಡುವ ತಾಳ್ಮೆ ಯಾರಿಗೂ ಇಲ್ಲದಿದ್ದರೆ ಮಾರಾಟವೇ ಸರಿ. ಸಂಗ್ರಾಹಕರು ಇರುವುದು ಇಂಥದ್ದಕ್ಕೆ. ತೋಟಾ ಸಿಗುವುದಿಲ್ಲವೆಂದು ನಳಿಗೆ ಬದಲಿಸುವ ಯೋಚನೆ ಮಾತ್ರ ಬೇಡ.

## ಮಾರ್ಪಡಿಸುವುದು

ನಳಿಗೆ ಉದ್ದ ಜಾಸ್ತಿ. ತುದಿಯಲ್ಲಿ ಎರಡು ಇಂಚು ಕತ್ತರಿಸಿದರೆ ಹಗುರ ಆಗುತ್ತಲ್ಲ?

ಪರವಾನಗಿಯಿಲ್ಲದೆ ನಳಿಗೆಯನ್ನು ಗಿಡ್ಡ ಮಾಡುವುದು 6ನೇ ಕಲಮಿನ ಉಲ್ಲಂಘನೆ. ಶಿಕ್ಷೆ ಕನಿಷ್ಠ 7 ವರ್ಷದಿಂದ ಜೀವಾವಧಿಯವರೆಗೆ. ಒಂದು ವರ್ಗದ ಬಂದೂಕನ್ನು ಇನ್ನೊಂದು ವರ್ಗಕ್ಕೆ ಪರಿವರ್ತಿಸುವುದನ್ನೂ 2019ರಲ್ಲಿ ಇದೇ ಕಲಮಿಗೆ ಸೇರಿಸಿದ್ದಾರೆ. ಲೇತ್ ಇರುವ ಗೆಳೆಯನ ವರ್ಕ್‌ಶಾಪಿಗೆ ಒಯ್ಯುವ ಮುನ್ನ ಆ ಗೆಳೆಯನ ಸಂಸಾರವನ್ನೂ ನೆನೆಯಿರಿ. ಶಬ್ದ ತಗ್ಗಿಸುವ ಸಾಧನವನ್ನು ಕಾಯ್ದೆ ಬಂದೂಕಿನ ವ್ಯಾಖ್ಯೆಯೊಳಗೇ ಸೇರಿಸಿದೆ. ಅದರ ಬಗ್ಗೆ ಕೇಳಲೂಬೇಡಿ.

ಕಣ್ಣು ಮಂಜಾಗಿದೆ. ಟೆಲಿಸ್ಕೋಪ್ ಹಾಕಿಸಬಹುದೇ?

ಇಲ್ಲಿ ನಾನು ಒಂದು ಗೆರೆ ಎಳೆದುಕೊಂಡಿದ್ದೇನೆ: ತಿರುಪು ಬಿಚ್ಚಿದರೆ ಮೊದಲಿನಂತಾಗುವುದು ಸರಿ, ಆಗದಿರುವುದು ಬೇಡ. ಹೆಗಲಿಗೆ ರಬ್ಬರ್ ಮೆತ್ತೆಯನ್ನು ಚೀಲದಂತೆ ತೊಡಿಸಬಹುದು. ಅದಕ್ಕಾಗಿ ಹೆಗಲಿಗೆ ಒರಗುವ ಮರದ ಹಿಂತುದಿಯನ್ನು ಕೊಯ್ಯಬಾರದು. ಬೆಲ್ಟಿಗೆ ಹಳೆಯ ಕೊಂಡಿಗಳನ್ನೇ ಬಳಸಬೇಕು. ಟೆಲಿಸ್ಕೋಪಿಗಾಗಿ ಉಕ್ಕಿನ ಒಡಲಿಗೆ ತೂತು ಕೊರೆದರೆ ಆ ತೂತು ಮುಚ್ಚುವುದಿಲ್ಲ. ಸಂಗ್ರಾಹಕನು ರೈಫಲ್ಲನ್ನು ತಿರುಗಿಸಿ ನೋಡಿ, ನಾಲ್ಕು ತೂತು ಎಣಿಸಿ, ಏನೂ ಹೇಳದೆ ಕೆಳಗಿಡುತ್ತಾನೆ. ಸಾಧಾರಣ .315ಕ್ಕೆ ಆ ಚಿಂತೆ ಕಡಿಮೆ, ಆದರೆ ಕೊರೆಯುವ ಕೆಲಸ ದುರಸ್ತಿ ಪರವಾನಗಿ ಇರುವವರಿಂದಲೇ ಆಗಬೇಕು. ಹೇಗಿದ್ದರೂ ಎಲ್ಲಿ, ಏನನ್ನು ಗುರಿ ಇಡಲು ಎಂಬ ಪ್ರಶ್ನೆ ಉಳಿಯುತ್ತದೆ. ಗುರಿ ಹೊಡೆಯುವ ಕ್ರೀಡೆಯ ಆಸೆಯಿದ್ದರೆ 50 ಮೀಟರ್ ಸ್ಪರ್ಧೆ ನಡೆಯುವುದು .22ರಲ್ಲಿ, 10 ಮೀಟರ್ ಸ್ಪರ್ಧೆ ಏರ್ ರೈಫಲ್ಲಿನಲ್ಲಿ, ಅಪ್ಪನ.315 ಎರಡಕ್ಕೂ ಸಲ್ಲದು.

ತುಕ್ಕು ತೆಗೆಸಿ ಹೊಸದರಂಗೆ ಪಾಲಿಶ್ ಮಾಡಿಸಿದರೆ ಬೆಲೆ ಏರಲ್ವಾ?

ನಾನೂ ಹಾಗೆಯೇ ನಂಬಿದ್ದೆ. ತಂದೆಯ ರೈಫಲ್ ಕೈಗೆ ಬಂದ ಮೊದಲ ವರ್ಷ ಒಬ್ಬ ಕೆಲಸಗಾರರಿಗೆ ಮೇಲಿನ ತುಕ್ಕು ತೆಗೆಯಲು ಕೊಟ್ಟೆ. ಹದಿನೈದು ದಿನ ಬಿಟ್ಟು ಹೋದಾಗ ಅದು ಮದುಮಗನಂತೆ ಹೊಳೆಯುತ್ತಿತ್ತು. ಮನೆಗೆ ತಂದು ಕಿಟಕಿಯ ಬಳಿ ಹಿಡಿದಾಗ ನಳಿಗೆಯ ಬುಡದ ಸಂಖ್ಯೆಯ ಕೊನೆಯ ಎರಡು ಅಂಕಿಗಳು ಮಸುಕಾಗಿ, ಪಕ್ಕದ ಪುಟ್ಟ ಪರೀಕ್ಷಾ ಮುದ್ರೆ ಉಜ್ಜುಗಾಲಿಯ ಕೆಳಗೆ ಮಾಯವಾಗಿತ್ತು. ಬೆವರು ಒಡೆಯಿತು. ಬಂದೂಕಿನ ಮೇಲಿನ ತಯಾರಕರ ಹೆಸರು, ಸಂಖ್ಯೆ, ಗುರುತುಗಳನ್ನು ಅಳಿಸುವುದು, ತಿದ್ದುವುದು 8ನೇ ಕಲಮಿನ ಪ್ರಕಾರ ಅಪರಾಧ. ಬೋಲ್ಟಿನ ಮೇಲೆ ಅದೇ ಸಂಖ್ಯೆ ಸ್ಪಷ್ಟವಾಗಿ ಉಳಿದಿತ್ತು, ಪಾಲಿಶ್‌ಗೆ ಮುಂಚಿನ ಒಂದು ಫೋಟೋ ಫೋನಿನಲ್ಲಿತ್ತು. ಅವೆರಡನ್ನೂ ಇಟ್ಟುಕೊಂಡು ಪರವಾನಗಿ ಶಾಖೆಗೆ ನಾನೇ ಹೋಗಿ ಬರೆದುಕೊಟ್ಟು ಬಂದೆ. ಕೆಲಸಗಾರರ ಮೇಲೆ ಕೋಪವಿಲ್ಲ. ‘ಹೊಸದರಂತೆ ಮಾಡಿ’ ಎಂದವನು ನಾನು.

ಬೆಲೆಯ ಮಾತಿಗೆ ಬಂದರೆ, ಸವೆದ ಮೂಲ ನೀಲಿ ಬಣ್ಣ ಇಂದಿನ ಹೊಳಪಿಗಿಂತ ಹೆಚ್ಚು ಬಾಳುತ್ತದೆ. ಕೆಂಪು ತುಕ್ಕನ್ನು ಎಣ್ಣೆ ಅದ್ದಿದ ಬಟ್ಟೆಯಿಂದ ದಿನಕ್ಕಿಷ್ಟು ಉಜ್ಜಿ ತೆಗೆಯುವುದಷ್ಟೇ ಸಾಕು. ಮರಕ್ಕೆ ಉಪ್ಪುಕಾಗದ ತಾಗಿಸಬೇಡಿ, ಬಾಗಿಲಿಗೆ ಹೊಡೆಯುವ ವಾರ್ನಿಷನ್ನು ಹತ್ತಿರಕ್ಕೂ ತರಬೇಡಿ.

ಬೋರ್ ಬದಲಿಸಿ ಸುಲಭವಾಗಿ ಸಿಗುವ ತೋಟಾಕ್ಕೆ ಹೊಂದಿಸಿಕೊಡ್ತೀವಿ ಅಂತ ಒಬ್ಬರು ಹೇಳ್ತಿದ್ದಾರೆ.

ಆ ಒಬ್ಬರಿಂದ ದೂರವಿರಿ. ಬೋರ್, ಅಂದರೆ ನಳಿಗೆಯ ಒಳ ಅಳತೆ, ಬದಲಾದರೆ ಅದು ಪರವಾನಗಿಯಲ್ಲಿ ಬರೆದ ಆಯುಧವಾಗಿ ಉಳಿಯುವುದಿಲ್ಲ. ಹೊಸ ಬೋರ್ ಸೇನಾ ತೋಟಾವನ್ನು ಹಿಡಿಯುವಂತಾದರೆ ನಿಷೇಧಿತ ಆಯುಧವೇ ಆಗುತ್ತದೆ. ಅದಕ್ಕೆ ಶಿಕ್ಷೆ 7ರಿಂದ 14 ವರ್ಷ. ಯಂತ್ರದ ದೃಷ್ಟಿಯಿಂದಲೂ ಒಂದು ಒತ್ತಡಕ್ಕೆಂದು ಮಾಡಿದ ಬೋಲ್ಟಿಗೆ ಇನ್ನೊಂದು ಒತ್ತಡದ ತೋಟಾ ಹಾಕುವುದು ಎತ್ತಿನ ಗಾಡಿಯ ಅಚ್ಚಿಗೆ ಲಾರಿಯ ಹೊರೆ ಹೇರಿದಂತೆ.

## ಇಟ್ಟುಕೊಳ್ಳುವುದು

ಮೆಕ್ಕೆಜೋಳಕ್ಕೆ ಹಂದಿ ಕಾಟ. ಅದಕ್ಕೇ ಇಟ್ಟುಕೊಳ್ಳೋಣ ಅಂತ. ಸರಿ ತಾನೆ?

ಕಾಟ ನಿಜ, ಮದ್ದು ಇದಲ್ಲ. ಆಯುಧದ ಪರವಾನಗಿ ಬೇಟೆಯ ಪರವಾನಗಿಯಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಅಡಿಯಲ್ಲಿ ಅಧಿಕಾರವುಳ್ಳ ಅಧಿಕಾರಿಯ ಲಿಖಿತ ಅನುಮತಿಯಿಲ್ಲದೆ ಬೆಳೆ ತಿಂದ ಹಂದಿಯನ್ನೂ ಹೊಡೆಯುವಂತಿಲ್ಲ. ಇನ್ನೊಂದು ವಿಷಯ ಕಾನೂನಿಗಿಂತ ಹತ್ತಿರದ್ದು: ಸಣ್ಣ .22 ತೋಟಾ ಕೂಡ ಒಂದೂವರೆ ಕಿ.ಮೀ. ಆಚೆಗೂ ಅಪಾಯಕಾರಿ, .315 ಇನ್ನೂ ದೂರ ಹೋಗುತ್ತದೆ. ನಮ್ಮ ಬಯಲುಸೀಮೆಯಲ್ಲಿ ಗುಂಡನ್ನು ತಡೆಯಲು ಗುಡ್ಡವಿರುವುದಿಲ್ಲ, ರಾತ್ರಿ ಮೋಟಾರು ಹಾಕಲು ಬಂದ ಪಕ್ಕದ ಹೊಲದವನಿರುತ್ತಾನೆ.

ನಮ್ಮೂರು ಜಗಳೂರು ತಾಲ್ಲೂಕು, ಕೊಂಡುಕುರಿ ಕಾಡಿನ ಪಕ್ಕ. ಇದರಿಂದ ಏನಾದರೂ ಬದಲಾಗುತ್ತಾ?

ಬದಲಾಗುತ್ತದೆ. ವನ್ಯಜೀವಿ ಕಾಯ್ದೆಯ 34ನೇ ಕಲಮಿನ ಪ್ರಕಾರ ವನ್ಯಜೀವಿ ಧಾಮದ ಒಳಗೆ ಅಥವಾ ಅದರಿಂದ 10 ಕಿ.ಮೀ. ಒಳಗೆ ವಾಸಿಸುವ ಪರವಾನಗಿದಾರರು ಅರಣ್ಯ ಇಲಾಖೆಯಲ್ಲಿ ಹೆಸರು ನೋಂದಾಯಿಸಬೇಕು. ಆ ವ್ಯಾಪ್ತಿಯಲ್ಲಿ ಹೊಸ ಪರವಾನಗಿ ಕೊಡಲು ಮುಖ್ಯ ವನ್ಯಜೀವಿ ಪರಿಪಾಲಕರ ಮುಂಚಿತ ಸಮ್ಮತಿ ಬೇಕು. ರಂಗಯ್ಯನದುರ್ಗದ ಕೊಂಡುಕುರಿ ಧಾಮದ ಸುತ್ತಲಿನವರಿಗೂ ಚಿತ್ರದುರ್ಗದ ಜೋಗಿಮಟ್ಟಿ ಧಾಮದ ಸುತ್ತಲಿನವರಿಗೂ ಇದು ಅನ್ವಯ. ಜೋಗಿಮಟ್ಟಿ ನಗರಕ್ಕೆ ಅಂಟಿಕೊಂಡೇ ಇರುವುದರಿಂದ ‘ನಾವು ಪೇಟೆಯವರು’ ಎಂದುಕೊಂಡವರೂ ದೂರ ಅಳೆದು ನೋಡಬೇಕು. ಮಾರುವವರಿಗೂ ಇದು ಗೊತ್ತಿರಲಿ: ಕೊಳ್ಳುವವನು ಆ ವ್ಯಾಪ್ತಿಯವನಾದರೆ ವ್ಯವಹಾರ ತಿಂಗಳುಗಟ್ಟಲೆ ಎಳೆಯುತ್ತದೆ.

ಮನೆಯಲ್ಲಿ ಹೇಗೆ ಇಡಬೇಕು? ಕೊಬ್ಬರಿ ಎಣ್ಣೆ ಹಚ್ಚಿದರೆ ಸಾಕಾ?

ಕೊಬ್ಬರಿ ಎಣ್ಣೆ ಕಾಲಕ್ರಮದಲ್ಲಿ ಅಂಟಾಗಿ ಬೋಲ್ಟನ್ನು ಹಿಡಿಯುತ್ತದೆ. ಬಂದೂಕಿನ ಎಣ್ಣೆ, ಸಿಗದಿದ್ದರೆ ಹೊಲಿಗೆ ಯಂತ್ರದ ತೆಳು ಎಣ್ಣೆ, ಬಟ್ಟೆಯಲ್ಲಿ ತೆಳುವಾಗಿ. ಕ್ಯಾನ್ವಾಸ್ ಅಥವಾ ಚರ್ಮದ ಚೀಲದಲ್ಲಿ ವರ್ಷಗಟ್ಟಲೆ ಇಡಬಾರದು, ಅದು ತೇವ ಹಿಡಿಯುತ್ತದೆ. ಗೋಡೆಗೆ ಬಿಗಿದ ಉಕ್ಕಿನ ಬೀರುವಿನಲ್ಲಿ ರೈಫಲ್, ಬೋಲ್ಟ್ ಬೇರೆ ಕಡೆ, ತೋಟಾ ಮತ್ತೊಂದು ಬೀಗದೊಳಗೆ. ಬೀಗದ ಕೈ ದೇವರ ಗೂಡಿನಲ್ಲಿ ಬೇಡ. ಮನೆಯ ಮಕ್ಕಳೆಲ್ಲ ಮೊದಲು ಹುಡುಕುವ ಜಾಗ ಅದು.

ಆಯುಧಪೂಜೆಯ ಬಗ್ಗೆ ಒಂದು ಮಾತು. ನಮ್ಮ ರೈಫಲ್ಲಿನ ನಳಿಗೆಯ ಮೇಲೆ ಮೂರು ಬೆರಳ ಅಗಲದ ಬೂದುಗೆಂಪು ಕಲೆಯೊಂದಿದೆ. ಯಾವುದೋ ಮಹಾನವಮಿಯಂದು ನೀರಲ್ಲಿ ಕಲಸಿ ಬಳಿದ ವಿಭೂತಿ ದೀಪಾವಳಿಯವರೆಗೂ ಹಾಗೆಯೇ ಉಳಿದು ಉಕ್ಕನ್ನು ತಿಂದ ಗುರುತು ಅದು. ಪೂಜೆ ಮಾಡಿ, ವಿಭೂತಿ ಕುಂಕುಮವನ್ನು ಮರದ ಭಾಗಕ್ಕೆ ಒಣದಾಗಿ ಇಡಿ, ಸಂಜೆಯೇ ಒರೆಸಿ ಎಣ್ಣೆ ಸವರಿ. ಪೂಜೆಯ ಖುಷಿಗೆ ಗಾಳಿಯಲ್ಲಿ ಗುಂಡು ಹಾರಿಸಿದರೆ ಮಾತ್ರ 2 ವರ್ಷದವರೆಗೆ ಜೈಲು ಅಥವಾ 1 ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ.

ಪ್ರತಿ ಚುನಾವಣೆಗೂ ಠಾಣೆಗೆ ಕೊಟ್ಟು ತರೋದೇ ಆಗಿದೆ. ಹಾಳಾಗಲ್ವಾ?

ಆದೇಶ ಬಂದರೆ ಕೊಡಲೇಬೇಕು. ಕೊಡುವ ಮುನ್ನ ನಳಿಗೆಯ ಒಳಹೊರಗೆ ಎಂದಿಗಿಂತ ದಪ್ಪವಾಗಿ ಎಣ್ಣೆ ಸವರಿ, ನಾಲ್ಕೂ ಕಡೆಯಿಂದ ಫೋಟೋ ತೆಗೆದು, ಸಂಖ್ಯೆ ಬರೆದ ಚೀಟಿ ಕಟ್ಟಿ ಕೊಡಿ. ಮರಳಿ ತಂದ ದಿನವೇ ಆ ಎಣ್ಣೆಯನ್ನು ಪೂರ್ತಿ ಒರೆಸಿ ತೆಗೆಯಿರಿ. ಪರವಾನಗಿಯ ಅವಧಿ ಈಗ 5 ವರ್ಷ. ರೈಫಲ್ ಠಾಣೆಯಲ್ಲಿರುವಾಗ ನವೀಕರಣದ ದಿನ ಬಂದರೂ ಅರ್ಜಿ ನಿಲ್ಲಿಸಬಾರದು.

ಪೂರ್ತಿ ಕೆಟ್ಟಿದೆ. ಅಜ್ಜನ ನೆನಪಿಗೆ ಗೋಡೆಗೆ ತೂಗುಹಾಕಿದರೆ ಲೈಸೆನ್ಸ್ ಬೇಕಾ?

ದುರಸ್ತಿ ಮಾಡಿದರೂ ಮಾಡದಿದ್ದರೂ ಬಂದೂಕಾಗಿ ಬಳಸಲು ಬಾರದಷ್ಟು ಕೆಟ್ಟ, ಹಳೆಯ ಮಾದರಿಯ ಅಥವಾ ಪ್ರಾಚೀನ ಮೌಲ್ಯದ ಆಯುಧವನ್ನು 45ನೇ ಕಲಂ ಕಾಯ್ದೆಯ ಹೊರಗಿಡುತ್ತದೆ. ‘ದುರಸ್ತಿ ಮಾಡಿದರೂ’ ಎಂಬ ಮಾತಿನ ಮೇಲೆ ಬೆರಳಿಟ್ಟು ಓದಿ. ಬೋಲ್ಟ್ ಇಲ್ಲದ ರೈಫಲ್ಲಿಗೆ ಬೋಲ್ಟ್ ತಂದು ಹಾಕಬಹುದು, ಹಾಗಾಗಿ ಅದು ಕೆಟ್ಟ ಬಂದೂಕೇ ಹೊರತು ಸತ್ತ ಬಂದೂಕಲ್ಲ. ಆ ತೀರ್ಮಾನವನ್ನು ಮನೆಯವರು ಮಾಡಿಕೊಳ್ಳದೆ ಪರವಾನಗಿ ಪ್ರಾಧಿಕಾರದಿಂದ ಬರಹದಲ್ಲಿ ಪಡೆಯಬೇಕು.

ಮಕ್ಕಳಿಗೆ ಬೇಡ, ಕೊಳ್ಳೋರಿಲ್ಲ. ಕೊನೆಗೆ ಏನು?

ಸರ್ಕಾರಕ್ಕೆ ಒಪ್ಪಿಸಿ ಪರವಾನಗಿ ರದ್ದುಪಡಿಸಿಕೊಳ್ಳುವುದು. ಹಣ ಬರುವುದಿಲ್ಲ, ನವೀಕರಣದ ಓಡಾಟ ತಪ್ಪುತ್ತದೆ. ನನ್ನ ಸೋದರಮಾವ ಹೀಗೆಯೇ ಮಾಡಿದರು: ಜಿಲ್ಲಾಧಿಕಾರಿಗೆ ಅರ್ಜಿ, ಠಾಣೆಯಲ್ಲಿ ಒಪ್ಪಿಸಿದ ರಸೀದಿ, ಅನಂತರ ಪರವಾನಗಿ ರದ್ದಾದ ಆದೇಶದ ಪ್ರತಿ. ಆ ಮೂರನ್ನೂ ಹೊಲದ ಪಹಣಿಗಳ ಜೊತೆ ಒಂದೇ ಪ್ಲಾಸ್ಟಿಕ್ ಕವರಿನಲ್ಲಿ ಹಾಕಿಟ್ಟಿದ್ದಾರೆ. ಅವರು ತೀರಿದ ಮೇಲೆ ಯಾರಾದರೂ ಹಳೆಯ ದಫ್ತರು ಹಿಡಿದು ‘ಬಂದೂಕೆಲ್ಲಿ’ ಎಂದು ಬಾಗಿಲು ತಟ್ಟಿದರೆ ಸೊಸೆ ಆ ಕವರನ್ನು ತೋರಿಸಿದರೆ ಸಾಕು.